ಗರಡಿಯ ಲೆಕ್ಕಪುಸ್ತಕ

ಗರಡಿಯೊಂದನ್ನು ನಡೆಸುವ ಮಿತ್ರರೊಬ್ಬರು, ಶಿಷ್ಯರ ಶುಲ್ಕವು ಬಾಡಿಗೆಗೂ ಸಾಲದಿರಲು, ವ್ಯಾಪಾರತಜ್ಞರ ಸಲಹೆಯನ್ನು ಪಡೆಯಲೇ ಎಂದು ಕೇಳಿರುವರು. ಪಡೆಯಲಿ, ಅದರಿಂದ ವಿದ್ಯೆಗೆ ಮೈಲಿಗೆಯಾಗದು. ಜಪಾನಿನ ಕಾನೋ ಜಿಗೊರೋ ಅವರು ಅರ್ಥಶಾಸ್ತ್ರವನ್ನೂ ಓದಿದವರು. ೧೮೮೨ರಲ್ಲಿ ಟೋಕಿಯೋವಿನ ಬೌದ್ಧ ದೇವಾಲಯವೊಂದರಲ್ಲಿ ೧೨ ಚಾಪೆಗಳನ್ನು ಹಾಸಿ, ೯ ಮಂದಿ ಶಿಷ್ಯರೊಡನೆ ಕೊಡೊಕಾನ್ ಜೂಡೋ ಶಾಲೆಯನ್ನು ತೆರೆದರು. ಅಪಾಯಕರವಾದ ಪಟ್ಟುಗಳನ್ನು ನಿತ್ಯದ ಸೆಣಸಾಟದಿಂದ ತೆಗೆದರು. ಮರುವರ್ಷವೇ 'ಡಾನ್' ಎಂಬ ದರ್ಜೆಗಳನ್ನು ಕೊಡತೊಡಗಿದರು. ಮಗನ ಕೈ ಮುರಿಯದೆಂಬ ಧೈರ್ಯ ತಾಯಿಗೆ, ಮುಂದಿನ ಮೆಟ್ಟಿಲಿನ ಆಸೆ ಹುಡುಗನಿಗೆ! ಆದರೆ ದರ್ಜೆಯನ್ನು ಹಣಕ್ಕೆ ಮಾರೆಂದು ಸಲಹೆಗಾರರು ಹೇಳಿದರೆ, ಮಿತ್ರರು ಎದ್ದು ಬರಲಿ. ಸದ್ಯಕ್ಕೆ, ತಿಂಗಳೊಳಗೇ ಬಿಟ್ಟುಹೋದ ಹುಡುಗರ ಮನೆಗಳಿಗೆ ಒಮ್ಮೆ ಹೋಗಿ ಕಾರಣವನ್ನು ವಿಚಾರಿಸಲಿ. ಇದಕ್ಕೆ ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.