ಸೈಕಲ್ ಪಥ ಸರಿ, ಪಂಕ್ಚರ್ ಹಾಕುವವರು ಯಾರು?

ಕೆಲವು ತಿಂಗಳ ಹಿಂದೆ ಕಚೇರಿಗೆ ಹೊರಟಿದ್ದಾಗ ಜಯನಗರದ ಬಳಿ ನನ್ನ ಸೈಕಲ್ಲಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹಿಂದೆ ಅದೇ ತಿರುವಿನಲ್ಲಿ ಮರದಡಿ ಒಂದು ಸೈಕಲ್ ಶಾಪ್ ಇತ್ತು. ಈಗಿರುವುದು ಮೊಬೈಲ್ ಅಂಗಡಿ. ಅರ್ಧ ಗಂಟೆ ತಳ್ಳಿಕೊಂಡು ಹೋದ ಮೇಲೆ ಸಿಕ್ಕ ದೊಡ್ಡ ಮಳಿಗೆಯ ಹುಡುಗ ನನ್ನ 28 ಇಂಚಿನ ಕಪ್ಪು ಸೈಕಲ್ಲನ್ನು ನೋಡಿ, 'ಇದರ ಟ್ಯೂಬ್ ನಾವು ಇಡೋದಿಲ್ಲ ಸಾರ್' ಎಂದ.

ಅಂದಿನಿಂದ ರಿಪೇರಿಯನ್ನು ನಾನೇ ಕಲಿತೆ. ಬೇಕಾಗಿದ್ದು ಎರಡು ಲೀವರ್, ಮರಳು ಕಾಗದ, ಸೊಲ್ಯೂಷನ್, ಪ್ಯಾಚ್, ಪಂಪು ಮತ್ತು ಒಂದು ಬಕೆಟ್ ನೀರು. ಮೊದಲ ಪ್ಯಾಚ್ ಮರುದಿನವೇ ಕಿತ್ತುಬಂತು. ಸೊಲ್ಯೂಷನ್ ಒಣಗುವವರೆಗೆ ನಾನು ಕಾದಿರಲಿಲ್ಲ. ಎರಡನೆಯ ಸಲ ಟೈರಿನ ಒಳಮೈ ಸವರಿ ನೋಡದೆ ಅಲ್ಲೇ ಉಳಿದಿದ್ದ ಮುಳ್ಳು ಮತ್ತೆ ಚುಚ್ಚಿತು. ಮೂರನೆಯದು ಇಂದಿಗೂ ಗಟ್ಟಿಯಾಗಿದೆ. ಅಗ್ಗದ ಸೈಕಲ್ಲಿನ ನಿಜವಾದ ಗುಣ ಅದರ ಬೆಲೆಯಲ್ಲಷ್ಟೇ ಇಲ್ಲ. ಅದು ತನ್ನ ಒಡಲನ್ನು ಯಾರಿಂದಲೂ ಮರೆಮಾಚುವುದಿಲ್ಲ.

ನನಗೆ ಇದು ಆಯ್ಕೆ. ಮುಂಜಾನೆ ಪತ್ರಿಕೆ ಹಂಚುವ ಹುಡುಗನಿಗೂ ರಾತ್ರಿ ಪಾಳಿ ಮುಗಿಸಿ ಮರಳುವ ಕಾವಲುಗಾರನಿಗೂ ಅದು ಅನಿವಾರ್ಯ. 2011ರ ಜನಗಣತಿಯಂತೆ ದೇಶದ ಸುಮಾರು ಶೇ 45ರಷ್ಟು ಕುಟುಂಬಗಳಲ್ಲಿ ಸೈಕಲ್ ಇತ್ತು. ಮೋಟಾರು ದ್ವಿಚಕ್ರ ವಾಹನ ಇದ್ದದ್ದು ಶೇ 21ರಷ್ಟರಲ್ಲಿ ಮಾತ್ರ. ಆದರೂ ನಗರ ಯೋಜಕರ ಕಣ್ಣಿಗೆ ಸೈಕಲ್ ಸವಾರ ಎಂದರೆ ಹೆಲ್ಮೆಟ್ ತೊಟ್ಟು ಭಾನುವಾರ ನಂದಿ ಬೆಟ್ಟ ಏರುವವನು.

ವಾಹನಗಳಿಗಲ್ಲ, ಜನರ ಸಂಚಾರಕ್ಕೆ ಆದ್ಯತೆ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ತಾತ್ಕಾಲಿಕ ಸೈಕಲ್ ಪಥ ಗುರುತಿಸಲಾಯಿತು. ಆ ಕಂಬಗಳು ಉಳಿಯಲಿಲ್ಲ. ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿತು. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಸ್ವಾಗತಾರ್ಹವೇ. ಆದರೆ ಬಿಡಿಭಾಗ ಅಗ್ಗವಾದರೆ ಸಾಲದು, ಅದನ್ನು ಜೋಡಿಸುವ ಕೈಯೂ ಬೇಕು.

ನಮ್ಮ ರಾಜ್ಯದ ಅನುಭವವೇ ಪಾಠವಾಗಬೇಕು. 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಅಸಂಖ್ಯ ಮಕ್ಕಳನ್ನು, ವಿಶೇಷವಾಗಿ ಹೆಣ್ಣುಮಕ್ಕಳನ್ನು, ಶಾಲೆಗೆ ತಲುಪಿಸಿತು. ಆದರೆ ಸೈಕಲ್ ಕೊಟ್ಟಷ್ಟೇ ಶ್ರದ್ಧೆಯಿಂದ ಒಂದು ಸ್ಪ್ಯಾನರ್ ಕೊಡಲು, ಚೈನು ಕೂರಿಸುವುದನ್ನು ಹೇಳಿಕೊಡಲು ನಮಗೆ ತೋಚಲಿಲ್ಲ. ನನ್ನ ಊರಿನಲ್ಲೇ ಒಂದು ಬ್ರೇಕಿನ ರಬ್ಬರಿಗಾಗಿ ಮೂಲೆ ಸೇರಿ ತುಕ್ಕು ಹಿಡಿದ ಸೈಕಲ್ಲುಗಳನ್ನು ಕಂಡಿದ್ದೇನೆ.

ಪಥಗಳು ಬೇಕು, ನಿಜ. ಅವಿಲ್ಲದೆ ಜೀವಕ್ಕೇ ಅಪಾಯ. ಎಲ್ಲರೂ ಬಸ್ಸು ಬಿಟ್ಟು ಸೈಕಲ್ ಹಿಡಿಯಲೆಂದೂ ನಾನು ಹೇಳುವುದಿಲ್ಲ. ಆದರೆ ಪ್ರತಿ ಮೆಟ್ರೊ ನಿಲ್ದಾಣದ ಬಳಿ, ಪ್ರತಿ ವಾರ್ಡಿನಲ್ಲಿ ರಿಪೇರಿಗಾರನೊಬ್ಬನಿಗೆ ಹತ್ತಡಿ ಜಾಗವನ್ನು ಕಾಯಂ ಆಗಿ ಕೊಡುವುದು ಕೋಟಿಗಳ ಯೋಜನೆಯಲ್ಲ. ಶಾಲೆಯಲ್ಲಿ ಪಂಕ್ಚರ್ ಹಾಕಲು ಕಲಿಸುವುದಕ್ಕೆ ಹೊಸ ಪಠ್ಯಪುಸ್ತಕವೂ ಬೇಡ. ಪಂಕ್ಚರ್ ಆದ ದಿನ ನಾನು ಕಚೇರಿಗೆ ತಡವಾಗಿ ಹೋದೆ, ಅಷ್ಟೆ. ಅದೇ ಕಾವಲುಗಾರನಿಗೆ ಆಗಿದ್ದರೆ ಒಂದು ದಿನದ ಕೂಲಿ ಹೋಗುತ್ತಿತ್ತು.