ಕಷ್ಟದ ಪದ: ಉರು ಹೊಡೆದರೆ ಉಳಿಯದು, ಬಳಸಿದರೆ ಉಳಿದೀತು

ಆದೋನಿ, ರಾಯದುರ್ಗ, ಮಡಕಶಿರ ಸೀಮೆಯ ಯಾವ ಊರಿಗೆ ಹೋದರೂ ಈಗ ಒಂದು ಹೊಸ ಪಾರಾಯಣ ಕೇಳಿಸುತ್ತದೆ. ಹುಡುಗರು ಕಟ್ಟೆ ಮೇಲೆ ಕುಂತು ಇಂಗ್ಲಿಷಿನ ಕಷ್ಟದ ಪದಗಳನ್ನು ಉರು ಹೊಡೆಯುತ್ತಾರೆ. ದಿನಕ್ಕೆ ಹತ್ತು ಪದ, ಅದರ ಸ್ಪೆಲಿಂಗು, ಅದರ ಮೀನಿಂಗು. ಶನಿವಾರ ಪರೀಕ್ಷೆ, ಸೋಮವಾರ ಮರೆವು. ತಂದೆತಾಯಿಗಳಿಗೆ ಮಾತ್ರ ಹಿಗ್ಗು. ಇಂಗ್ಲಿಷ್ ಬಂತು ಅಂದರೆ ಬದುಕು ಬಂತು ಎಂಬ ನಂಬಿಕೆ.

ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಬ್ಯಾಂಕಿನ ಸಾಲದ ಪತ್ರದಲ್ಲಿ ‘ಗ್ಯಾರಂಟರ್’ ಅಂದರೇನು, ಬೆಳೆ ವಿಮೆಯಲ್ಲಿ ‘ಪ್ರೀಮಿಯಂ’ ಅಂದರೇನು, ಕೀಟನಾಶಕದ ಬಾಟಲಿ ಮೇಲೆ ‘ಆಂಟಿಡೋಟ್’ ಅಂತ ಯಾಕೆ ಬರೆದಿದೆ ಎಂದು ತಿಳಿಯದವನು ಇವತ್ತು ಒಕ್ಕಲುತನ ಮಾಡುವುದೂ ಕಷ್ಟ, ಅಡತಿ ಅಂಗಡಿ ನಡೆಸುವುದೂ ಕಷ್ಟ. ಬಾಟಲಿಯ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷದ ತೀವ್ರತೆ ಹೇಳುತ್ತದೆ, ಕೆಂಪು ಎಲ್ಲಕ್ಕಿಂತ ಘೋರ. ಆದರೆ ವಿಷ ಮೈಗೇರಿದಾಗ ಏನು ಮಾಡಬೇಕೆಂದು ಹೇಳುವುದು ಬಣ್ಣವಲ್ಲ, ಪದ. ಆದ್ದರಿಂದ ಇಂಗ್ಲಿಷ್ ಪದ ಬೇಡವೆಂದು ನಾನು ಹೇಳುವುದಿಲ್ಲ. ಯಾವ ಪದ, ಹೇಗೆ ಎಂಬುದೇ ಪ್ರಶ್ನೆ.

ಶಾಲೆ ಕೊಡುವ ಪಟ್ಟಿಯಲ್ಲಿ ‘ಲೊಕ್ವೇಶಿಯಸ್’ ಇರುತ್ತದೆ. ಅರ್ಥ ಕೇಳಿದರೆ ಹುಡುಗ ‘ಟಾಕೆಟಿವ್’ ಅಂತಾನೆ. ಟಾಕೆಟಿವ್ ಅಂದರೇನಪ್ಪ ಅಂದರೆ ಮುಖ ನೋಡ್ತಾನೆ. ಕನ್ನಡದಾಗ ಬಾಯಿಬಡುಕ, ತೆಲುಗಿನಾಗ ವಾಗುಡುಕಾಯ ಅಂತ ಹೇಳಿ ನೋಡಿ, ನಕ್ಕು ತಲೆಯಾಗ ಇಟ್ಕೊಂತಾನೆ. ಒಂದು ಗೊತ್ತಿಲ್ಲದ ಪದಕ್ಕೆ ಇನ್ನೊಂದು ಗೊತ್ತಿಲ್ಲದ ಪದ ಕಟ್ಟಿದರೆ ಕುಂಟೆತ್ತಿಗೆ ಕುಂಟೆತ್ತು ಜೋಡಿ ಕಟ್ಟಿದ ಹಾಗೆ. ನೇಗಿಲು ಮುಂದೆ ಹೋಗುವುದಿಲ್ಲ.

ಪದಗಳಲ್ಲೂ ಮುಂಚೆ ಬೇಕಾದವು, ಆಮೇಲೆ ಬೇಕಾದವು ಅಂತ ಉಂಟು. ಹಿಂದೆ ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಎಂಬಾತ ಇಂಗ್ಲಿಷ್ ಕಲಿಯುವವರಿಗೆ ಅತಿ ಅಗತ್ಯವಾದ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದ. ಬಳ್ಳಾರಿಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ್ದೂ ಅದೇ ವರ್ಷ. ಆಮೇಲೆ 2000ದಲ್ಲಿ ಆವ್ರಿಲ್ ಕಾಕ್ಸ್‌ಹೆಡ್ ಎಂಬ ವಿದುಷಿ ಮೇಲಿನ ಓದಿಗೆ ಬೇಕಾಗುವ 570 ಪದಕುಟುಂಬಗಳನ್ನು ಗುರುತಿಸಿದರು. ಅನಲೈಸ್, ಎಸ್ಟಿಮೇಟ್, ಇಂಟರ್‌ಪ್ರಿಟ್, ಡಿರೈವ್ ಇಂಥವು. ಪ್ರಶ್ನೆಪತ್ರಿಕೆಯಲ್ಲಿ ಬರುವ ಪದಗಳು ಇವೇ. ಉತ್ತರ ಗೊತ್ತಿದ್ದೂ ಪ್ರಶ್ನೆ ಏನು ಕೇಳಿದೆ ಅಂತ ತಿಳಿಯದೆ ಮಕ್ಕಳು ಅಂಕ ಕಳಕೊಳ್ಳುವುದು ಇಲ್ಲಿಯೇ. ‘ಎಸ್ಟಿಮೇಟ್’ ಅಂದರೆ ಅಂದಾಜು, ತೆಲುಗಿನ ಅಂಚನಾ. ಮನೆ ಕಟ್ಟಿಸುವ ಅಪ್ಪನ ಬಾಯಲ್ಲಿ ಅದು ದಿನಾ ಇರುತ್ತದೆ. ಮನೆಯ ಪದ, ಶಾಲೆಯ ಪದ ಎರಡೂ ಒಂದೇ ಎಂದು ಮಗುವಿಗೆ ಹೇಳುವವರಿಲ್ಲ.

ಗಡಿಯ ಮಗುವಿಗೆ ಒಂದು ಬಲ ಇದೆ, ಅದನ್ನು ನಾವು ಲೆಕ್ಕಕ್ಕೇ ತಗೊಳ್ಳುತ್ತಿಲ್ಲ. ಎರಡು ಭಾಷೆಯಲ್ಲಿ ಪದ್ಯ ಕಟ್ಟುವ ನನಗೆ ಇದು ದಿನದ ಅನುಭವ. ಕನ್ನಡದಲ್ಲಿ ಅವಸರ ಅಂದರೆ ಗಡಿಬಿಡಿ, ತೆಲುಗಿನಲ್ಲಿ ಅವಸರಂ ಅಂದರೆ ಅಗತ್ಯ. ಪದ ಒಂದೇ ಇದ್ದರೂ ಜಾಗ ಬದಲಾದರೆ ಅರ್ಥ ಬದಲಾಗುತ್ತದೆಂದು ನಮ್ಮ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಅಂಥವರಿಗೆ ‘ಇಂಟರೆಸ್ಟ್’ ಅಂದರೆ ಬಡ್ಡಿಯೂ ಹೌದು, ಆಸಕ್ತಿಯೂ ಹೌದು ಎಂದರೆ ಸಾಕು, ತಟ್ಟನೆ ಹಿಡಿಯುತ್ತಾರೆ. ಬೆಳೆ, ಬೆಳೆಗಾರ, ಬೆಳೆಸು, ಬೆಳವಣಿಗೆ ಒಂದೇ ಬೇರಿನ ಟಿಸಿಲು. ಹಾಗೆಯೇ ಪ್ರೊಡ್ಯೂಸ್, ಪ್ರೊಡ್ಯೂಸರ್, ಪ್ರೊಡಕ್ಟ್, ಪ್ರೊಡಕ್ಷನ್. ಬೇರು ಹಿಡಿದರೆ ನಾಲ್ಕು ಪದ ಒಟ್ಟಿಗೆ ಬರುತ್ತವೆ. ‘ಫೋಟೊ’ ಅಂದರೆ ಬೆಳಕು, ‘ಸಿಂಥೆಸಿಸ್’ ಅಂದರೆ ಕೂಡಿಸುವುದು. ಎಲೆ ಬಿಸಿಲಿನ ಬಲದಿಂದ ನೀರು ಗಾಳಿ ಕೂಡಿಸಿ ಆಹಾರ ಮಾಡಿಕೊಳ್ಳುತ್ತದೆ ಅಂತ ಹೊಲದಾಗ ನಿಂತು ಹೇಳಿದರೆ ಕನ್ನಡದ ದ್ಯುತಿಸಂಶ್ಲೇಷಣೆ, ತೆಲುಗಿನ ಕಿರಣಜನ್ಯ ಸಂಯೋಗಕ್ರಿಯ, ಇಂಗ್ಲಿಷಿನ ಫೋಟೊಸಿಂಥೆಸಿಸ್ ಮೂರೂ ಹಗುರಾಗುತ್ತವೆ. ಇನ್ನು ನಮ್ಮ ಶೇಂಗಾ ಹೊಲ ಹಾಳು ಮಾಡುವ ಹೆಗ್ಗಣಕ್ಕೆ ಇಂಗ್ಲಿಷರು ‘ಬ್ಯಾಂಡಿಕೂಟ್’ ಅನ್ನುತ್ತಾರಲ್ಲ, ಅದು ತೆಲುಗಿನ ಪಂದಿಕೊಕ್ಕು. ಇಲ್ಲಿಂದಲೇ ಹೋದ ಪದಕ್ಕೆ ಇಲ್ಲಿಯ ಮಗು ಹೆದರುವುದೇಕೆ?

ಕಲಿಕೆಗೆ ಒಕ್ಕಲುತನದ ಲೆಕ್ಕವೇ ಸಾಕು. ವಾರದ ನೀರು ಒಂದೇ ದಿನ ಹಾಯಿಸಿದರೆ ಹರಿದು ಹೋಗುತ್ತದೆ, ಬಿಟ್ಟು ಬಿಟ್ಟು ಹಾಯಿಸಿದರೆ ಬೇರಿಗೆ ಇಳಿಯುತ್ತದೆ. ದಿನಕ್ಕೆ ಹತ್ತು ಬೇಡ, ಮೂರು ಸಾಕು. ಪದ, ಅದರ ಕನ್ನಡ, ಅದರ ತೆಲುಗು, ತನ್ನದೇ ಒಂದು ವಾಕ್ಯ. ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಒಮ್ಮೆ ತಿರುವಿ ನೋಡಲಿ. ಓದು ಬಾರದ ತಾಯಿಯೂ ಕನ್ನಡ ಹೇಳಿ ಇಂಗ್ಲಿಷ್ ಕೇಳಬಹುದು.

ಪದಕೋಶದ ಕೆಲಸ ಈ ಸೀಮೆಗೆ ಹೊಸದಲ್ಲ. ಬಳ್ಳಾರಿಯಲ್ಲಿದ್ದ ವಿಲಿಯಂ ರೀವ್ ಇಂಗ್ಲಿಷ್–ಕನ್ನಡ ನಿಘಂಟನ್ನು 1824ರಲ್ಲಿ ತಂದ. ಕಡಪದಲ್ಲಿ ಕೆಲಸ ಮಾಡಿದ್ದ ಸಿ. ಪಿ. ಬ್ರೌನ್‌ನ ತೆಲುಗು–ಇಂಗ್ಲಿಷ್ ನಿಘಂಟು 1852ರದು. ಪರದೇಶದವರು ನಮ್ಮ ಮಾತಿನ ಮೂಲಕ ಇಂಗ್ಲಿಷಿಗೆ ಸೇತುವೆ ಕಟ್ಟಿದರು. ನಾವು ಆ ಸೇತುವೆ ಬಿಟ್ಟು ಹಳ್ಳಕ್ಕೆ ಹಾರುತ್ತಿದ್ದೇವೆ.

ಆಂಧ್ರ ಸರ್ಕಾರ 2019ರಲ್ಲಿ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತರಲು ಆದೇಶ ಹೊರಡಿಸಿತು, 2020ರಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಆದರೆ ಆ ಗದ್ದಲದ ನಡುವೆ ಒಂದು ಒಳ್ಳೆ ಕೆಲಸವೂ ಆಯಿತು. ಒಂದು ಪುಟ ಇಂಗ್ಲಿಷ್, ಎದುರು ಪುಟ ತೆಲುಗು ಇರುವ ಪಠ್ಯಪುಸ್ತಕ ಬಂತು. ತಾಯಿಮಾತು ಪಕ್ಕದಲ್ಲಿದ್ದರೆ ಇಂಗ್ಲಿಷ್ ಬೇಗ ಬರುತ್ತದೆ ಎಂದು ಸರ್ಕಾರವೇ ಒಪ್ಪಿದ ಹಾಗಾಯಿತು. ಕನ್ನಡ ಮಾಧ್ಯಮದ ಮಕ್ಕಳಿಗೂ ಪ್ರತಿ ಪಾಠದ ಕೊನೆಗೆ ಇಂಗ್ಲಿಷ್–ಕನ್ನಡ–ತೆಲುಗು ಮೂರು ಸಾಲಿನ ಪದಪಟ್ಟಿ ಬೇಕು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮನಸ್ಸು ಮಾಡಿದರೆ ಇಂಥದೊಂದು ಕಿರುಹೊತ್ತಗೆ ಅಚ್ಚುಹಾಕಿಸಿ ಹಂಚುವುದು ದೊಡ್ಡ ಖರ್ಚಲ್ಲ. ಕಟ್ಟಡಕ್ಕಿಂತ, ಸಮ್ಮೇಳನದ ಶಾಮಿಯಾನಕ್ಕಿಂತ ಇದು ಅಗ್ಗ.

ಕಷ್ಟದ ಪದಕ್ಕೆ ಅಂಜಿ ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುವ ಅಣ್ಣಂದಿರು ಒಮ್ಮೆ ಯೋಚಿಸಲಿ. ಕನ್ನಡದಲ್ಲಿ ಗಟ್ಟಿಯಿಲ್ಲದ ಮಗುವಿಗೆ ಇಂಗ್ಲಿಷ್ ಪದದ ಅರ್ಥವನ್ನು ಯಾವ ಭಾಷೆಯಲ್ಲಿ ಹೇಳುತ್ತೀರಿ? ಮೊದಲು ನೆಲ ಹದವಾಗಲಿ, ಬೀಜ ಯಾವ ದೇಶದ್ದಾದರೂ ಮೊಳೆಯುತ್ತದೆ.