ಬೆಕ್ಕಿದ್ದವರಿಗೂ ಒಂದು ಮನೆ ಬೇಡವೇ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಒಂದು ಪ್ರಶ್ನೆ ಚೆನ್ನಾಗಿ ಗೊತ್ತು: "ನೀವು ವೆಜ್ಜೋ, ನಾನ್‌ವೆಜ್ಜೋ?" ಊರು ಯಾವುದು, ಕೆಲಸ ಎಲ್ಲಿ ಎಂಬುದೆಲ್ಲ ಅದರ ಹಿಂದೆ ಬರುತ್ತದೆ. ಇಲ್ಫರ್ಡಿಗೆ ಬಂದ ಮೇಲೆ ಆ ಪ್ರಶ್ನೆಯಿಂದ ಪಾರಾದೆವು ಎಂದುಕೊಂಡಿದ್ದೆವು. ಇಲ್ಲಿ ಇನ್ನೊಂದು ಕಾದಿತ್ತು. "ಎನಿ ಪೆಟ್ಸ್?"

ನಮ್ಮ ಮನೆಯಲ್ಲಿ ಒಂದು ಬೆಕ್ಕಿದೆ. ಹೆಸರು ಕರಿಯ. 2020ರಲ್ಲಿ ಭಾರತಕ್ಕೆ ಮರಳಿದ ಸ್ನೇಹಿತರೊಬ್ಬರು "ಎರಡು ವಾರ ನೋಡಿಕೊಳ್ಳಿ, ಯಾರಾದರೂ ಸಿಕ್ಕರೆ ಕೊಟ್ಟುಬಿಡಿ" ಎಂದು ಬಿಟ್ಟುಹೋದ ಮರಿ. ಎರಡು ವಾರ ಮುಗಿಯುವಷ್ಟರಲ್ಲಿ ಅವನು ಮಗಳ ಹಾಸಿಗೆಯಲ್ಲಿ ಕಾಯಂ ಆಗಿದ್ದ. ಕೊಡುವ ಮಾತು ಮತ್ತೆ ಬರಲಿಲ್ಲ.

ಮುಂದಿನ ವರ್ಷ ಮನೆ ಬದಲಿಸಬೇಕಾಗಿ ಬಂತು. ಸೆವೆನ್ ಕಿಂಗ್ಸ್, ಗುಡ್‌ಮೇಸ್, ಗ್ಯಾಂಟ್ಸ್ ಹಿಲ್ ಎಲ್ಲ ಸುತ್ತಿದೆವು. ಶನಿವಾರ ಬಂತೆಂದರೆ ಮನೆ ನೋಡುವುದೇ ಕೆಲಸ. ಬೆಕ್ಕಿನ ಮಾತೆತ್ತಿದ ಕೂಡಲೇ ಏಜೆಂಟರ ನಗು ಮಾಯವಾಗುತ್ತಿತ್ತು. ಒಬ್ಬರಂತೂ ಫೋನಿನಲ್ಲಿ ವಾಕ್ಯ ಮುಗಿಸಲೂ ಬಿಡಲಿಲ್ಲ. ಕೊನೆಗೆ ಹಿತೈಷಿಗಳೊಬ್ಬರು ಬುದ್ಧಿ ಹೇಳಿದರು: "ಯಾಕೆ ಹೇಳ್ತೀರಿ? ಬೆಕ್ಕೇನು ಬೊಗಳುತ್ತದೆಯೇ?"

ಹೇಳಲಿಲ್ಲ. ಮನೆ ಸಿಕ್ಕಿತು.

ಆ ಮನೆಯಲ್ಲಿ ಮೂರು ವರ್ಷ ನಾವು ಬದುಕಿದ ರೀತಿಯನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. ಆದರೆ ನಮ್ಮ ಶಾಲೆಯ ಪೋಷಕರಲ್ಲಿ ಹೀಗೆ ಬದುಕುತ್ತಿರುವವರು ಇನ್ನೂ ಇರಬಹುದು ಎಂದು ಬರೆಯುತ್ತಿದ್ದೇವೆ. ಮೂರು ತಿಂಗಳಿಗೊಮ್ಮೆ ಏಜೆನ್ಸಿಯವರು ಮನೆ ತಪಾಸಣೆಗೆ ಬರುತ್ತಿದ್ದರು. ಹಿಂದಿನ ರಾತ್ರಿ ಸೋಫಾದ ಕೂದಲು ಉಜ್ಜುವುದು, ಬೆಕ್ಕಿನ ಮಣ್ಣಿನ ತಟ್ಟೆಯನ್ನು ಕಾರಿನ ಡಿಕ್ಕಿಗೆ ಸೇರಿಸುವುದು, ಬೆಳಿಗ್ಗೆ ಕರಿಯನನ್ನು ಬುಟ್ಟಿಯಲ್ಲಿ ಹಾಕಿ ನ್ಯೂಬರಿ ಪಾರ್ಕಿನ ಗೆಳೆಯರ ಮನೆಗೆ ಸಾಗಿಸುವುದು. ದಾರಿಯುದ್ದಕ್ಕೂ ಅವನ ಕೂಗು. ಇಷ್ಟಾದರೆ ನಕ್ಕು ಮರೆಯಬಹುದಿತ್ತು. ಒಂದು ದಿನ ಬಾಗಿಲಿಗೆ ಬಂದ ಪ್ಲಂಬರ್‌ಗೆ ನಮ್ಮ ಏಳು ವರ್ಷದ ಮಗಳು, ಯಾರೂ ಕೇಳದೆಯೇ, "ವಿ ಡೋಂಟ್ ಹ್ಯಾವ್ ಎ ಕ್ಯಾಟ್" ಎಂದಳು. ಭಾನುವಾರ ಈ ಶಾಲೆಯಲ್ಲಿ ಪುಣ್ಯಕೋಟಿಯ ಕಥೆ ಕೇಳಿ ಕಣ್ಣೊರೆಸಿಕೊಂಡು ಬರುವ ಹುಡುಗಿಗೆ ಸುಳ್ಳು ಹೇಳಲು ಕಲಿಸಿದವರು ನಾವೇ ಅಲ್ಲವೇ?

ಇನ್ನೊಂದು ಸಂಗತಿ ಮನೆ ಮಾಲೀಕರು ಕೇಳಬೇಕಾದ್ದು. ಎರಡನೆಯ ಚಳಿಗಾಲದಲ್ಲಿ ಹಿಂದಿನ ಕೋಣೆಯ ಗೋಡೆ ತೇವವಾಗಿ ಕಪ್ಪು ಬೂಷ್ಟು ಹತ್ತಿತು. ಹೇಳಿದರೆ ಕೆಲಸದವರು ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಾರೆ, ಬೆಕ್ಕು ಕಣ್ಣಿಗೆ ಬೀಳುತ್ತದೆ ಎಂದು ಹೆದರಿ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡೆವು. ಒರೆಸಿದ್ದೇ ಒರೆಸಿದ್ದು. ಕೊನೆಗೆ ಪ್ಲಾಸ್ಟರ್ ಕಳಚಿ ಬಿದ್ದಾಗ ವಿಧಿಯಿಲ್ಲದೆ ಹೇಳಿದೆವು. ಹೊರಗಿನ ನೀರಿನ ಪೈಪು ಸೀಳಿತ್ತಂತೆ. ಮೊದಲ ವಾರದಲ್ಲೇ ಹೇಳಿದ್ದರೆ ಸಣ್ಣ ರಿಪೇರಿಯಲ್ಲಿ ಮುಗಿಯುತ್ತಿತ್ತು. ಆ ಮೂರು ವರ್ಷದಲ್ಲಿ ಕರಿಯ ಮಾಡಿದ ಹಾನಿ ಎಂದರೆ ಮೆಟ್ಟಿಲಿನ ಕಾರ್ಪೆಟ್ಟಿನ ಒಂದು ಮೂಲೆ. "ಪ್ರಾಣಿ ಬೇಡ" ಎಂಬ ಷರತ್ತು ಆ ಮನೆಯನ್ನು ಕಾಪಾಡಿತೇ? ನೀವೇ ಹೇಳಿ.

ಮಾಲೀಕರ ಮಾತನ್ನೂ ಕೇಳಬೇಕು. ಇಲ್ಫರ್ಡಿನಲ್ಲಿ ಬಾಡಿಗೆಗೆ ಕೊಡುವವರಲ್ಲಿ ನಮ್ಮವರೇ ಎಷ್ಟು ಜನ! ಹೊಟ್ಟೆ ಬಟ್ಟೆ ಕಟ್ಟಿ ಎರಡನೆಯ ಮನೆ ಕೊಂಡವರು, ಕಂತು ಇನ್ನೂ ಕಟ್ಟುತ್ತಿರುವವರು. ಅಂಥ ಹಿರಿಯರೊಬ್ಬರು ನಮಗೆ ಹೇಳಿದರು: "ಹಿಂದಿನವರ ನಾಯಿಯಿಂದ ಮನೆಯೆಲ್ಲ ಚಿಗಟ. ಕಾರ್ಪೆಟ್ ಪೂರ್ತಿ ಕಿತ್ತು ಹಾಕಿದೆ. ಡೆಪಾಸಿಟ್ ಯಾವ ಮೂಲೆಗೆ?" ಅವರ ಮಾತು ಸುಳ್ಳಲ್ಲ. 2019ರ ಜೂನ್ 1ರಿಂದ ಜಾರಿಯಲ್ಲಿರುವ ಟೆನೆಂಟ್ ಫೀಸ್ ಕಾಯ್ದೆಯ ಪ್ರಕಾರ ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ತೆಗೆದುಕೊಳ್ಳುವಂತಿಲ್ಲ. ತಿಂಗಳಿಗೆ 1,800 ಪೌಂಡ್ ಬಾಡಿಗೆಯ ಮನೆಗೆ ಸುಮಾರು 2,077 ಪೌಂಡ್ ಆಯಿತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಚಿಲ್ಲರೆ ಎನಿಸಬಹುದು. ಪ್ರಾಣಿಗೆಂದು ಬೇರೆ ಡೆಪಾಸಿಟ್ ಕೇಳುವ ದಾರಿ ಮುಚ್ಚಿದ್ದರಿಂದ ಕೆಲವರು "ಪೆಟ್ ರೆಂಟ್" ಎಂದು ತಿಂಗಳ ಬಾಡಿಗೆಯನ್ನೇ ಏರಿಸಿದರು, ಹಲವರು ಬಾಗಿಲನ್ನೇ ಹಾಕಿಕೊಂಡರು. (ನಿಜ ಹೇಳಬೇಕೆಂದರೆ ಅರ್ಧ ಜಗಳ ಕಾರ್ಪೆಟ್ಟಿನದು. ನಮ್ಮ ಊರಿನ ರೆಡ್ ಆಕ್ಸೈಡ್ ನೆಲವಾಗಿದ್ದರೆ ಒಂದು ಬಕೆಟ್ ನೀರಿನಲ್ಲಿ ಮುಗಿಯುತ್ತಿತ್ತು.)

ಈಗ ಕಾನೂನು ಬದಲಾಗಿದೆ. 2025ರ ಅಕ್ಟೋಬರ್ 27ರಂದು ರಾಜಮುದ್ರೆ ಪಡೆದ ರೆಂಟರ್ಸ್ ರೈಟ್ಸ್ ಕಾಯ್ದೆಯ ಬಾಡಿಗೆ ನಿಯಮಗಳಿಗೆ ಸರ್ಕಾರ ಗೊತ್ತುಮಾಡಿದ ದಿನ 2026ರ ಮೇ 1. ಇದರಂತೆ ಇಂಗ್ಲೆಂಡಿನ ಖಾಸಗಿ ಬಾಡಿಗೆದಾರರು ಪ್ರಾಣಿ ಸಾಕಲು ಬರವಣಿಗೆಯಲ್ಲಿ ಅನುಮತಿ ಕೇಳಬಹುದು. ಮಾಲೀಕರು ಸಾಮಾನ್ಯವಾಗಿ 28 ದಿನಗಳೊಳಗೆ ಬರವಣಿಗೆಯಲ್ಲೇ ಉತ್ತರಿಸಬೇಕು, ಸಕಾರಣವಿಲ್ಲದೆ ಇಲ್ಲವೆನ್ನುವಂತಿಲ್ಲ. ಫ್ಲ್ಯಾಟಿನ ಮೂಲ ಲೀಸಿನಲ್ಲೇ ಪ್ರಾಣಿಗಳಿಗೆ ನಿಷೇಧವಿದ್ದರೆ ಅದು ಸಕಾರಣ. "ನನಗೆ ಬೆಕ್ಕು ಆಗದು" ಎಂಬುದು ಅಲ್ಲ. ಮಸೂದೆಯ ಚರ್ಚೆಯಲ್ಲಿ ಪ್ರಾಣಿಗೆಂದು ಮೂರು ವಾರದ ಹೆಚ್ಚುವರಿ ಡೆಪಾಸಿಟ್ ಇರಲಿ ಎಂದು ಹೌಸ್ ಆಫ್ ಲಾರ್ಡ್ಸ್ ಹೇಳಿತ್ತು, ಕಾಮನ್ಸ್ ಒಪ್ಪಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಒಪ್ಪಬೇಕಿತ್ತು. ಆ ಹಣ ಕೊಡಲು ನಮ್ಮಂಥವರು ಸಂತೋಷದಿಂದ ಸಿದ್ಧರಿದ್ದೆವು. ಎಲ್ಲರ ಕೈಯಲ್ಲೂ ಅಷ್ಟು ಹಣವಿರದು ಎಂಬ ವಾದವೂ ಇದೆ, ಅದನ್ನು ತಳ್ಳಿಹಾಕುವುದಿಲ್ಲ. ಆದರೂ ಹೆದರುವ ಮಾಲೀಕರ ಕೈಗೆ ಏನಾದರೂ ಕೊಡಬೇಕಿತ್ತು.

ಏಕೆಂದರೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಕಿಂಡಿ ಇದೆ. ಕೇಳುವ ಹಕ್ಕು ಸಿಗುವುದು ಬಾಡಿಗೆದಾರರಾದ ಮೇಲೆ. ಮನೆ ನೋಡಲು ಹೋದ ಹತ್ತು ಕುಟುಂಬಗಳಲ್ಲಿ ಬೆಕ್ಕಿಲ್ಲದವರನ್ನೇ ಆರಿಸಿದರೆ ಕೇಳುವವರು ಯಾರು? ಮಕ್ಕಳಿದ್ದಾರೆ, ಸರ್ಕಾರದ ಭತ್ಯೆ ಪಡೆಯುತ್ತಾರೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವುದನ್ನು ಇದೇ ಕಾಯ್ದೆ ತಡೆಯುತ್ತದೆ. ಪ್ರಾಣಿ ಇದ್ದವರಿಗೆ ಆ ರಕ್ಷಣೆ ಇಲ್ಲ. ಮಾಲೀಕರ ಮನೆಯಲ್ಲೇ ಒಂದು ಕೋಣೆ ಹಿಡಿದು ಅವರ ಅಡುಗೆಮನೆ ಹಂಚಿಕೊಂಡಿರುವವರಿಗೆ ಈ ಕಾಯ್ದೆಯೇ ಅನ್ವಯಿಸದು. ನಮ್ಮಲ್ಲಿ ಅನೇಕರು ಇಲ್ಫರ್ಡಿನ ಬದುಕು ಶುರುಮಾಡಿದ್ದು ಅಂಥ ಕೋಣೆಯಲ್ಲೇ.

ನಮ್ಮ ಊರಿನಲ್ಲೂ ಕಾಗದದ ಮೇಲೆ ಒಂದು, ಗೇಟಿನ ಬಳಿ ಇನ್ನೊಂದು. ಅಪಾರ್ಟ್‌ಮೆಂಟ್ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿತು. 2018ರಲ್ಲಿ ಬೆಂಗಳೂರಿನ ಪಾಲಿಕೆ ಫ್ಲ್ಯಾಟಿಗೆ ಒಂದೇ ನಾಯಿ ಎಂದು ನಿಯಮ ತರಲು ಹೋಗಿ, ಜನ ವಿರೋಧಿಸಿದ ಮೇಲೆ ಹಿಂದೆ ಸರಿಯಿತು. ಮನೆ ಖಾಲಿ ಇದೆ ಎಂಬ ಬೋರ್ಡಿನ ಕೆಳಗೆ ನಿಂತು ಕೇಳಿ ನೋಡಿ, ಉತ್ತರ ಹಳೆಯದೇ.

2024ರಲ್ಲಿ ಆ ಮನೆ ಮಾರಾಟಕ್ಕೆ ಬಂತು, ಎರಡು ತಿಂಗಳ ನೋಟಿಸ್ ನಮ್ಮ ಕೈಗೆ ಬಂತು. ಈ ಸಲ ಸುಳ್ಳು ಬೇಡ ಎಂದು ನಿರ್ಧರಿಸಿದೆವು. ಕರಿಯನ ಲಸಿಕೆಯ ಪುಸ್ತಕ, ಸಂತಾನಹರಣ ಮಾಡಿಸಿದ ಚೀಟಿ, ಮೈಕ್ರೋಚಿಪ್ ನಂಬರು (2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ ಸಾಕುಬೆಕ್ಕಿಗೂ ಅದು ಕಡ್ಡಾಯ) ಎಲ್ಲ ಒಂದು ಕಡತದಲ್ಲಿ ಹಾಕಿಕೊಂಡು ಹೊರಟೆವು. ಹನ್ನೊಂದು ಮನೆ ಇಲ್ಲವೆಂದವು. ಆ ದಿನಗಳಲ್ಲಿ ಒಂದು ರಾತ್ರಿ, ಮಗಳು ಮಲಗಿದ ಮೇಲೆ, ಬೆಕ್ಕನ್ನು ಆಶ್ರಯಧಾಮಕ್ಕೆ ಕೊಡುವ ಅರ್ಜಿಯನ್ನು ತುಂಬಿಯೂ ಇದ್ದೆವು. ಈ ಲಂಡನ್ನಿನಲ್ಲೇ 1860ರಲ್ಲಿ ಮೇರಿ ಟೀಲ್ಬಿ ಎಂಬಾಕೆ ಬೀದಿಪಾಲಾದ ನಾಯಿಗಳಿಗೆಂದು ತೆರೆದ ಆಶ್ರಯ ಇಂದು ಬ್ಯಾಟರ್ಸೀ ಹೆಸರಿನಲ್ಲಿ ಜಗತ್ಪ್ರಸಿದ್ಧ. ಸಾಕಿದವರೇ ತಂದು ಬಿಡಲು ಬಾಡಿಗೆ ಮನೆಯೂ ಒಂದು ಕಾರಣ ಎಂದು ಇಂಥ ಸಂಸ್ಥೆಗಳು ಹೇಳುತ್ತಲೇ ಬಂದಿವೆ. ಅರ್ಜಿ ಕಳುಹಿಸಲಿಲ್ಲ. ಹನ್ನೆರಡನೆಯ ಮನೆಯ ಒಡತಿ ಕಡತವನ್ನೆಲ್ಲ ತಿರುವಿ ನೋಡಿ, "ನಿಮ್ಮ ಹಿಂದಿನ ಮಾಲೀಕರಿಗೆ ಇವನ ವಿಷಯ ಗೊತ್ತಿತ್ತೇ?" ಎಂದು ಕೇಳಿದರು. ಇಲ್ಲ ಎಂದೆವು. ಬೂಷ್ಟಿನ ಕಥೆಯನ್ನೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮನೆಯಲ್ಲಿ ಪೈಪು ಸೋರಿದರೆ ಅವತ್ತೇ ಫೋನ್ ಮಾಡಬೇಕು" ಎಂದು ಬೀಗದಕೈ ಕೊಟ್ಟರು.

ನಮ್ಮ ಶಾಲೆಯ ಬಾಗಿಲ ಪಕ್ಕದ ನೋಟಿಸ್ ಬೋರ್ಡಿನಲ್ಲಿ ಪ್ರತಿ ವಾರ ಒಂದೆರಡಾದರೂ ಬಾಡಿಗೆ ಚೀಟಿಗಳಿರುತ್ತವೆ. "ಸಸ್ಯಾಹಾರಿಗಳಿಗೆ ಆದ್ಯತೆ, ನೋ ಪೆಟ್ಸ್" ಎಂದು ಬರೆಯುವ ಹಿರಿಯರಲ್ಲಿ ನಮ್ಮದೊಂದು ವಿನಂತಿ. ಆ ಕೊನೆಯ ಎರಡು ಪದ ಬಿಟ್ಟು "ಸಾಕುಪ್ರಾಣಿ ಇದ್ದರೆ ಮಾತನಾಡೋಣ" ಎಂದು ಬರೆಯಿರಿ. ಬಂದವರನ್ನು ಕೇಳಿ, ಕಾಗದ ನೋಡಿ, ಮನೆಯ ಫೋಟೋಗಳನ್ನು ಮೊದಲ ದಿನವೇ ತೆಗೆದು ಇಬ್ಬರೂ ಸಹಿ ಮಾಡಿ. ಆಮೇಲೂ ಮನಸ್ಸು ಒಪ್ಪದಿದ್ದರೆ ಅದನ್ನು ಅವರ ಮುಖಕ್ಕೇ ಹೇಳಿ. ಕಡತದಲ್ಲಿ ಏನೇನಿರಬೇಕು ಎಂದು ತಿಳಿಯಬೇಕಾದವರು ಭಾನುವಾರ ಚಹಾದ ಹೊತ್ತಿನಲ್ಲಿ ನಮ್ಮನ್ನು ಕೇಳಬಹುದು. ಕರಿಯನದು ಚೀಲದಲ್ಲೇ ಇರುತ್ತದೆ.